ಹರ್ಡಲ್ಸ್ ಓಡುವ ಹುಡುಗಿಗೆ ಕೂಟದ ದಿನವಲ್ಲ, ವರ್ಷವಿಡೀ ಹತ್ತು ಹರ್ಡಲ್ ಬೇಕು

ಮಾನ್ಯ ಸಂಪಾದಕರೆ,

ಅಂತರ ಕಾಲೇಜು ಕ್ರೀಡಾಕೂಟ ಮುಗಿದ ಮರುದಿನ ಜಿಲ್ಲಾ ಪುಟದಲ್ಲಿ ಫಲಿತಾಂಶ ಬರುತ್ತದೆ. ಮಹಿಳೆಯರ 100 ಮೀ. ಹರ್ಡಲ್ಸ್ ಎಂಬ ಸಾಲಿನ ಮುಂದೆ ಮೂವರ ಹೆಸರು, ಅವರ ಕಾಲೇಜು. ಎಷ್ಟು ಸೆಕೆಂಡಿಗೆ ಓಡಿದರು ಎಂಬುದು ಇರುವುದಿಲ್ಲ. ಇದು ಪತ್ರಿಕೆಯ ತಪ್ಪಲ್ಲ. ಸಂಘಟಕರು ಕಳಿಸುವ ಹಾಳೆಯಲ್ಲೇ ಎಷ್ಟೋ ಸಲ ಸಮಯ ಬರೆದಿರುವುದಿಲ್ಲ. ಆದರೆ ಹರ್ಡಲ್ಸ್ ಓಟಗಾರ್ತಿಗೆ ಸ್ಥಾನಕ್ಕಿಂತ ಆ ಸಮಯವೇ ಮುಖ್ಯ. ನಾಲ್ಕೇ ಮಂದಿ ಓಡಿದ ಕೂಟದಲ್ಲಿ 18 ಸೆಕೆಂಡಿಗೆ ಗುರಿ ಮುಟ್ಟಿದವಳಿಗೂ ಚಿನ್ನ, 15 ಸೆಕೆಂಡಿಗೆ ಮುಟ್ಟಿದವಳಿಗೂ ಚಿನ್ನ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದ ಹೀಟ್ಸ್‌ನಲ್ಲಿ (ಆರಂಭಿಕ ಸುತ್ತಿನ ಓಟಗಳಲ್ಲಿ) ಇಬ್ಬರೂ ಪಕ್ಕಪಕ್ಕ ಓಡಿದರೆ, ಒಬ್ಬಳು ಗುರಿ ಮುಟ್ಟುವಾಗ ಇನ್ನೊಬ್ಬಳ ಮುಂದೆ ಇನ್ನೂ ಒಂದು ಹರ್ಡಲ್ ಉಳಿದಿರುತ್ತದೆ.

ಆ ಮೂರು ಸೆಕೆಂಡು ಎಲ್ಲಿ ಹೋಗುತ್ತವೆ, ಯಾಕೆ ಹೋಗುತ್ತವೆ ಎಂದು ಬಿಡಿಸಿ ಹೇಳುವುದಕ್ಕೆ ಈ ಪತ್ರ. ನಮ್ಮ ಭಾಗದ ಹುಡುಗಿಯರಲ್ಲಿ ಕಸುವಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಖೋಖೋ ಆಡಿ ಚುರುಕಾದವರು, ಲಾಂಗ್ ಜಂಪ್‌ನಲ್ಲಿ ಒಳ್ಳೆಯ ದೂರ ಹಾರುವವರು ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಿಗೆ ಪ್ರತಿ ವರ್ಷ ಬರುತ್ತಾರೆ. ಅವರಲ್ಲಿ ಹರ್ಡಲ್ಸ್‌ಗೆ ಹೆಸರು ಕೊಟ್ಟವರು ಹತ್ತು ಹರ್ಡಲ್‌ಗಳ ಪೂರ್ತಿ ಸಾಲನ್ನು ಕಾಣುವುದು ಬಹುತೇಕ ಕೂಟದ ದಿನವೇ. ಅಲ್ಲಿಯವರೆಗಿನ ಅಭ್ಯಾಸವೆಲ್ಲ ಮೂರೋ ನಾಲ್ಕೋ ಹರ್ಡಲ್ ಮೇಲೆ.

ಮೊದಲು ಅಳತೆ. ಆರಂಭದ ಗೆರೆಯಿಂದ ಮೊದಲ ಹರ್ಡಲ್‌ಗೆ 13 ಮೀ., ಹರ್ಡಲ್‌ನಿಂದ ಹರ್ಡಲ್‌ಗೆ 8.5 ಮೀ., ಹತ್ತನೆಯದರಿಂದ ಗುರಿಗೆ 10.5 ಮೀ. ಹರ್ಡಲ್‌ನ ಎತ್ತರ 83.8 ಸೆಂ.ಮೀ. ಹದಿನೆಂಟರ ಒಳಗಿನ ಹುಡುಗಿಯರ ವಿಭಾಗದಲ್ಲಿ ದೂರಗಳೆಲ್ಲ ಇವೇ, ಎತ್ತರ ಮಾತ್ರ 76.2 ಸೆಂ.ಮೀ. ಅಂದರೆ ಪಿಯುಸಿ ಮುಗಿಸಿ ಪದವಿಗೆ ಬಂದವಳ ಪಾಲಿಗೆ ಬದಲಾಗುವುದು 7.6 ಸೆಂ.ಮೀ. ಅಷ್ಟೇ. ಇದನ್ನು ಕೇಳಿ ಅನೇಕರು ಹಗುರವಾಗಿ ತೆಗೆದುಕೊಳ್ಳುತ್ತಾರೆ. 158 ಸೆಂ.ಮೀ. ಎತ್ತರದ ಹುಡುಗಿ ನಿಂತಾಗ ಅವಳ ಮೈಭಾರದ ಕೇಂದ್ರ ನೆಲದಿಂದ ಸುಮಾರು 87 ಸೆಂ.ಮೀ. ಮೇಲಿರುತ್ತದೆ. 76.2ರ ಹರ್ಡಲ್ ಅದಕ್ಕಿಂತ ಹತ್ತು ಸೆಂ.ಮೀ.ಗೂ ಹೆಚ್ಚು ಕೆಳಗಿದೆ, ಓಟದ ಲಯದಲ್ಲೇ ದಾಟಿಹೋಗುತ್ತದೆ. 83.8ರದ್ದು ಬರೀ ಮೂರು ಸೆಂ.ಮೀ. ಕೆಳಗೆ. ಈಗ ಅವಳು ಮೈಯನ್ನು ಎತ್ತಲೇಬೇಕು. ಎತ್ತಿದರೆ ಗಾಳಿಯಲ್ಲಿರುವ ಹೊತ್ತು ಹೆಚ್ಚುತ್ತದೆ, ಇಳಿಯುವಾಗ ಭಾರವಾಗಿ ಬೀಳುತ್ತಾಳೆ, ಮುಂದಿನ ಹೆಜ್ಜೆ ಗಿಡ್ಡವಾಗುತ್ತದೆ. ಪಿಯುಸಿಯಲ್ಲಿ ಚೆನ್ನಾಗಿ ಓಡುತ್ತಿದ್ದವಳು ಬಿ.ಎ. ಮೊದಲ ವರ್ಷದಲ್ಲಿ ಹಿಂದೆ ಬಿದ್ದು, ನನ್ನಿಂದಾಗದು ಎಂದು ಮನೆಗೆ ಹೋಗುವುದು ಇಲ್ಲಿ. ಆ ವರ್ಷ ಅವಳ ಓಟದ ಸಮಯ ಹೆಚ್ಚುವುದು ಸಹಜ ಎಂದು ಮನೆಯವರಿಗೂ ಪ್ರಾಂಶುಪಾಲರಿಗೂ ಮೊದಲೇ ಹೇಳಿಡುವುದು ದೈಹಿಕ ಶಿಕ್ಷಣ ನಿರ್ದೇಶಕರ ಕೆಲಸ.

ಇನ್ನು ಹೆಜ್ಜೆ. ಹರ್ಡಲ್ ದಾಟಿದ ಲೀಡ್ ಕಾಲು, ಅಂದರೆ ಮೊದಲು ದಾಟುವ ಕಾಲು, ನೆಲ ಮುಟ್ಟುವುದು ಹರ್ಡಲ್‌ನಿಂದ ಸುಮಾರು ಒಂದು ಮೀಟರ್ ಆಚೆ. ಮುಂದಿನ ಹರ್ಡಲ್‌ಗೆ ನೆಲ ಬಿಡುವುದು ಅದಕ್ಕೆ ಸುಮಾರು ಎರಡು ಮೀಟರ್ ಇರುವಾಗ. 8.5ರಲ್ಲಿ ಈ ಮೂರು ಕಳೆದರೆ ಉಳಿಯುವ ಐದೂವರೆ ಮೀಟರನ್ನು ಮೂರೇ ಹೆಜ್ಜೆಯಲ್ಲಿ ಓಡಬೇಕು. ಮೂರೂ ಸಮ ಇರುವುದಿಲ್ಲ: ಇಳಿದ ಮೇಲಿನ ಮೊದಲನೆಯದು ಸುಮಾರು 1.6 ಮೀ., ನಡುವಿನದು 2 ಮೀ., ನೆಲ ಬಿಡುವ ಮುಂಚಿನದು ಮತ್ತೆ ತುಸು ಗಿಡ್ಡ, 1.9 ಮೀ. ಕೊನೆಯ ಹೆಜ್ಜೆ ಗಿಡ್ಡವಾಗಿ, ಬೇಗ ಬಿದ್ದರೆ ಮೈ ಮುಂದಕ್ಕೆ ನುಗ್ಗುತ್ತದೆ. ಅದನ್ನು ಉದ್ದ ಮಾಡಿದರೆ ಮೈ ಹಿಂದಕ್ಕೆ ವಾಲಿ ಮೇಲಕ್ಕೆ ಜಿಗಿದಂತಾಗುತ್ತದೆ.

ಭಯ ಇಲ್ಲಿ ಮಾಡುವ ಹಾನಿ ದೊಡ್ಡದು. ಹರ್ಡಲ್ ಹತ್ತಿರ ಬರುತ್ತಿದ್ದಂತೆ ಹುಡುಗಿ ಹೆಜ್ಜೆ ಕತ್ತರಿಸುತ್ತಾಳೆ, ಎರಡು ಮೀಟರ್ ಇರುವಾಗ ಬಿಡಬೇಕಾದ ನೆಲವನ್ನು ಒಂದೂವರೆಗೆ ಬಂದು ಬಿಡುತ್ತಾಳೆ. ಅಷ್ಟು ಹತ್ತಿರದಿಂದ ದಾಟಲು ಮೇಲಕ್ಕೆ ಹಾರುವುದೊಂದೇ ದಾರಿ. ಹಾಗೆ ಹಾರಿದವಳು ಹರ್ಡಲ್‌ನ ಆಚೆ ದೂರ ಹೋಗಿ ದೊಪ್ಪನೆ ಇಳಿಯುತ್ತಾಳೆ, ವೇಗ ಸತ್ತಿರುತ್ತದೆ, ಮುಂದಿನ ಹರ್ಡಲ್‌ಗೆ ಮೂರು ಹೆಜ್ಜೆ ಸಾಲುವುದಿಲ್ಲ. ನಾಲ್ಕು ಹಾಕಿದರೆ ಲೀಡ್ ಕಾಲು ಬದಲಾಗುತ್ತದೆ, ಎಡಗಾಲು ಮುಂದಿಟ್ಟು ಕಲಿತವಳಿಗೆ ಬಲಗಾಲು ಬರುತ್ತದೆ. ಅದಕ್ಕೆ ಹೆದರಿ ಐದು ಹಾಕುತ್ತಾಳೆ. ಐದು ಹೆಜ್ಜೆಗೆ ಇಳಿದ ಮೇಲೆ ಅದು ಓಟವಲ್ಲ, ಹರ್ಡಲ್‌ನಿಂದ ಹರ್ಡಲ್‌ಗೆ ಸಣ್ಣ ಹೆಜ್ಜೆಯ ನಡಿಗೆ. ಎತ್ತರದ ಹುಡುಗಿಯರ ತೊಂದರೆ ಇದಕ್ಕೆ ತಿರುಗುಮುರುಗು. ಅವರ ಹೆಜ್ಜೆಗೆ 8.5 ಮೀ. ಇಕ್ಕಟ್ಟು, ಅವರು ಕಲಿಯಬೇಕಾದದ್ದು ಉದ್ದ ಹೆಜ್ಜೆಯಲ್ಲ, ಚುರುಕು ಹೆಜ್ಜೆ.

ಮೊದಲ 13 ಮೀ.ಗೆ ನಮ್ಮ ಹುಡುಗಿಯರಿಗೆ ಎಂಟು ಹೆಜ್ಜೆ ಸರಿ. ಎಂಟು ಹೆಜ್ಜೆಯ ಓಟದಲ್ಲಿ, ಓಟ ಶುರುಮಾಡುವಾಗ ಕಾಲೊತ್ತಿ ಚಿಮ್ಮುವ ಸ್ಟಾರ್ಟಿಂಗ್ ಬ್ಲಾಕ್‌ನ ಮುಂದಿನ ಪೆಡಲ್ ಮೇಲೆ ಇರಬೇಕಾದದ್ದು ಹರ್ಡಲ್ ಮುಂದೆ ನೆಲ ಒತ್ತಿ ಏಳುವ ಕಾಲು. ಲೀಡ್ ಕಾಲು ಹಿಂದಿನ ಪೆಡಲ್‌ಗೆ. 100 ಮೀ. ಓಟದಿಂದ ಬಂದವಳು ತನ್ನ ಹಳೆಯ ರೂಢಿಯಂತೆ ನಿಂತರೆ ಮೊದಲ ಹರ್ಡಲ್‌ಗೆ ತಪ್ಪು ಕಾಲು ಬರುತ್ತದೆ, ಅಲ್ಲೇ ತಡವರಿಸುತ್ತಾಳೆ. ಐದು ನಿಮಿಷದಲ್ಲಿ ತಿದ್ದಬಹುದಾದ ದೋಷ ಇದು. ಆದರೂ ಕೂಟದ ದಿನ ಆರಂಭದ ಗೆರೆಯಲ್ಲಿ ನಿಂತು ಗೆಳತಿಯರನ್ನು ಯಾವ ಕಾಲು ಮುಂದೆ ಎಂದು ಕೇಳುವವರಿದ್ದಾರೆ.

ಈಗ ಆ ಮೂರು ಸೆಕೆಂಡಿನ ಲೆಕ್ಕ. ಪ್ರತಿ ಹರ್ಡಲ್ ದಾಟಿ ಲೀಡ್ ಕಾಲು ನೆಲ ಮುಟ್ಟಿದ ಕ್ಷಣವನ್ನು ಗುರುತಿಸಿದರೆ ಓಟದ ಒಳಗು ಕಾಣುತ್ತದೆ. ಇದಕ್ಕೆ ಯಂತ್ರ ಬೇಡ, ಮೊಬೈಲ್‌ನ ನಿಧಾನಗತಿ ವಿಡಿಯೊ ಸಾಕು. ಓಟದ ಪಕ್ಕದಿಂದ, ಇಡೀ ಸಾಲು ಕಾಣುವಷ್ಟು ದೂರದಲ್ಲಿ ನಿಂತು ತೆಗೆಯಬೇಕು. 15 ಸೆಕೆಂಡಿನ ಓಟ ಹೆಚ್ಚುಕಡಿಮೆ ಹೀಗಿರುತ್ತದೆ: ಮೊದಲ ಹರ್ಡಲ್‌ಗೆ 2.8, ಆಮೇಲಿನ ಒಂಬತ್ತು ಅಂತರಗಳಿಗೆ 1.2ರಂತೆ 10.8, ಕೊನೆಯ ಓಟಕ್ಕೆ 1.4. ಅದೇ 18 ಸೆಕೆಂಡಿನ ಓಟದಲ್ಲಿ ಮೊದಲನೆಯದಕ್ಕೆ 3.2, ಮುಂದಿನ ಮೂರು ಅಂತರಕ್ಕೆ 1.35ರಂತೆ, ಉಳಿದ ಆರಕ್ಕೆ ಐದು ಹೆಜ್ಜೆಯ ದೆಸೆಯಿಂದ 1.5ರಂತೆ, ಕೊನೆಗೆ 1.7. ಕೂಡಿಸಿ ನೋಡಿ. ನಾಲ್ಕನೇ ಹರ್ಡಲ್‌ವರೆಗೆ ಕಳೆದದ್ದು ಒಂದು ಸೆಕೆಂಡಿಗೂ ಕಡಿಮೆ. ಎರಡು ಸೆಕೆಂಡಿಗೂ ಹೆಚ್ಚು ಹೋದದ್ದು ಅಲ್ಲಿಂದಾಚೆ. ಅಭ್ಯಾಸಕ್ಕೆ ನಾಲ್ಕೇ ಹರ್ಡಲ್ ಇದ್ದವಳ ಲಯ ಐದನೆಯದಕ್ಕೆ ಮುರಿಯುವುದರಲ್ಲಿ ಆಶ್ಚರ್ಯವೇನಿದೆ? ಅವಳ ಕಾಲು ಅಷ್ಟನ್ನೇ ಕಲಿತಿದೆ. ಹತ್ತು ಹರ್ಡಲ್ ಬೇಕೆಂದು ಒತ್ತಿ ಹೇಳುವುದು ಇದಕ್ಕೇ.

ಆ ಹತ್ತೂ ನಿಯಮದ ಹರ್ಡಲ್ ಆಗಿರಬೇಕು. ನಿಯಮದ ಹರ್ಡಲ್‌ನ ತೂಕ 10 ಕೆ.ಜಿ.ಗೆ ಕಡಿಮೆ ಇರುವುದಿಲ್ಲ, ಅಗಲ 1.18ರಿಂದ 1.20 ಮೀ., ಮೇಲಿನ ಹಲಗೆ 7 ಸೆಂ.ಮೀ. ಅಗಲ. ಎಲ್ಲಕ್ಕಿಂತ ಮುಖ್ಯವಾದದ್ದು ಅದು ಉರುಳುವ ಬಗೆ. ಹಲಗೆಯ ನಡುವೆ ಕನಿಷ್ಠ 3.6, ಗರಿಷ್ಠ 4 ಕೆ.ಜಿ. ಬಲ ಬಿದ್ದರೆ ಅದು ಮುಂದಕ್ಕೆ ಉರುಳಬೇಕು. ಪರೀಕ್ಷೆ ಸುಲಭ. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹಲಗೆಯ ನಡುವಿಗೆ ಸಿಕ್ಕಿಸಿ, ಓಟದ ದಿಕ್ಕಿನಲ್ಲಿ ನೆಲಕ್ಕೆ ಸಮನಾಗಿ ಎಳೆಯಿರಿ. ಉರುಳುವ ಹೊತ್ತಿಗೆ ಮುಳ್ಳು ಎಲ್ಲಿದೆ ನೋಡಿ. ಎತ್ತರ ಬದಲಾಯಿಸಿದಾಗಲೆಲ್ಲ ಹರ್ಡಲ್ ಪಾದದೊಳಗಿನ ತೂಕವನ್ನೂ ಸರಿಸಬೇಕು. ಪುರುಷರ 106.7 ಸೆಂ.ಮೀ. ಓಟ ಮುಗಿದ ಮೇಲೆ ಹಲಗೆ ಮಾತ್ರ ಇಳಿಸಿ ತೂಕವನ್ನು ಹಾಗೇ ಬಿಟ್ಟರೆ, 3.8 ಕೆ.ಜಿ.ಗೆ ಉರುಳುತ್ತಿದ್ದ ಹರ್ಡಲ್ 83.8ರಲ್ಲಿ 4.8 ಕೆ.ಜಿ. ಕೇಳುತ್ತದೆ. ಆ ಹೆಚ್ಚುವರಿ ಒಂದು ಕೆ.ಜಿ. ಹುಡುಗಿಯ ಮೊಣಕಾಲಿಗೆ ಬೀಳುತ್ತದೆ. ಕೂಟಗಳಲ್ಲಿ ಇದನ್ನು ಮರೆಯುವುದು ಸಾಮಾನ್ಯ.

ಇನ್ನೂ ಕೆಟ್ಟದ್ದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಕಬ್ಬಿಣದಿಂದ ಮಾಡಿಸಿದ ಹರ್ಡಲ್. ಎರಡೂ ಕಡೆ ಪಾದ ಇರುವ ಇವು ಉರುಳುವುದೇ ಇಲ್ಲ. ನಿಯಮದ ಹರ್ಡಲ್ ಕೂಡ ತಿರುಗಿಸಿ ಇಟ್ಟರೆ ಅಷ್ಟೇ ಅಪಾಯ: ಪಾದಗಳು ಯಾವಾಗಲೂ ಓಡಿ ಬರುವವಳ ಕಡೆಗೇ ಚಾಚಿರಬೇಕು. ಅಭ್ಯಾಸದಲ್ಲಿ ವಾಪಸು ಓಡುವಾಗ ಎದುರು ದಿಕ್ಕಿನಿಂದ ಹರ್ಡಲ್ ದಾಟಲು ಯಾರಿಗೂ ಬಿಡಬಾರದು. ದುಡ್ಡಿಲ್ಲದ ಕಾಲೇಜು ಕಲಿಕೆಯ ಮೊದಲ ತಿಂಗಳುಗಳಿಗೆ ಪಿವಿಸಿ ಪೈಪಿನ ಹರ್ಡಲ್ ಮಾಡಿಕೊಳ್ಳಬಹುದು. ಎರಡು ಕಂಬಗಳ ಮೇಲೆ ಅಡ್ಡಪೈಪನ್ನು ಅಂಟಿಸದೆ ಸುಮ್ಮನೆ ಇಟ್ಟಿರಬೇಕು, ಕಾಲು ತಾಗಿದರೆ ಬಿದ್ದುಹೋಗಬೇಕು. ಭಯ ಬಿಡಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಸ್ಪರ್ಧೆಯ ತಯಾರಿಗೆ ಮಾತ್ರ ಇದು ಸಾಲದು.

ಮಣ್ಣಿನ ಅಂಕಣದಲ್ಲಿ ಗುರುತು ಹಾಕುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಹರ್ಡಲ್‌ನಿಂದ ಹರ್ಡಲ್‌ಗೆ 8.5 ಮೀ. ಅಳೆಯುತ್ತ ಹೋಗುತ್ತಾರೆ, ಒಂದೊಂದರಲ್ಲಿ ಎರಡು ಸೆಂ.ಮೀ. ಹೆಚ್ಚುಕಡಿಮೆಯಾದರೂ ಹತ್ತನೆಯದು ಒಂದು ಗೇಣು ಆಚೀಚೆ ಆಗುತ್ತದೆ. ಸ್ಟೀಲ್ ಟೇಪನ್ನು ಆರಂಭದ ಗೆರೆಯಿಂದ ಬಿಗಿಯಾಗಿ ಎಳೆದು 13, 21.5, 30, 38.5, 47, 55.5, 64, 72.5, 81, 89.5 ಎಂದು ನೇರವಾಗಿ ಗುರುತಿಸಬೇಕು. ಓಟಗಾರ್ತಿಯ ಕಡೆಗಿರುವ ಹಲಗೆಯ ಅಂಚು ಗುರುತಿಗೆ ಸರಿಯಾಗಿ ಕೂರಬೇಕು, ಹರ್ಡಲ್‌ನ ಪಾದವಲ್ಲ. ಸುಣ್ಣದ ಗೆರೆ ಒಂದು ಮಳೆಗೆ ಹೋಗುತ್ತದೆ. ಅಂಕಣದ ಎರಡೂ ಬದಿಗೆ ನೆಲದ ಮಟ್ಟಕ್ಕೆ ಹುಗಿದ ಸಣ್ಣ ಕಲ್ಲುಗಳಿದ್ದರೆ ವರ್ಷವಿಡೀ ಅಳತೆಯ ಚಿಂತೆಯಿಲ್ಲ.

ನೆಲದ ಮಾತೂ ಹೇಳಬೇಕು. ಕಲಬುರಗಿ, ಯಾದಗಿರಿಯ ಎರೆಮಣ್ಣು ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಬಿರುಕಿನಲ್ಲಿ ಬೂಟಿನ ಸ್ಪೈಕ್ಸ್ ಸಿಕ್ಕರೆ ಪಾದ ಹೊರಳುತ್ತದೆ, ಒಣಗಿದ ಎರೆ ಕಲ್ಲಿನಂತೆ ಗಟ್ಟಿಯಾಗಿ ಮೊಣಕಾಲ ಕೆಳಗಿನ ಎಲುಬಿಗೆ ನೋವು ತರುತ್ತದೆ. ಒಂದೇ ಲೇನಿನ ಅಗಲ, 1.22 ಮೀ., ಉದ್ದ 110 ಮೀ. ಜಾಗಕ್ಕೆ ಮೊರಂ ಹಾಕಿ ರೋಲರ್ ಹೊಡೆಸಿ, ಅಭ್ಯಾಸದ ಹಿಂದಿನ ಸಂಜೆ ನೀರು ಚಿಮುಕಿಸಿದರೆ ಸಾಕು. ಇಡೀ ಮೈದಾನ ಸರಿಮಾಡಲು ಕಾಯಬೇಕಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಬಿರುಕಿನ ಕಾಟವಿಲ್ಲ, ಹರಳುಕಲ್ಲಿನ ಕಾಟ ಇದೆ, ದಿನಾ ಗುಡಿಸಬೇಕು. ಮಣ್ಣಿಗೆ 9ರಿಂದ 12 ಮಿ.ಮೀ. ಸ್ಪೈಕ್ಸ್ ಮೊಳೆ ಸರಿ, ಸಿಂಥೆಟಿಕ್ ಟ್ರ್ಯಾಕ್‌ಗೆ 6 ಅಥವಾ 7. ಅಲ್ಲಿ 9ಕ್ಕಿಂತ ಉದ್ದದ ಮೊಳೆಗೆ ನಿಯಮದಲ್ಲೇ ಅವಕಾಶವಿಲ್ಲ. ಮೊಳೆಗಳನ್ನು ತಿಂಗಳಿಗೊಮ್ಮೆ ಬಿಚ್ಚಿ ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿದು ಕೂರುತ್ತವೆ, ಕೂಟದ ಬೆಳಿಗ್ಗೆ ಕೀಲಿ ತಿರುಗುವುದೇ ಇಲ್ಲ.

ವರ್ಷದ ಯೋಜನೆ ಕಷ್ಟದ್ದಲ್ಲ. ತರಗತಿ ಆರಂಭವಾದ ಮೊದಲ ಆರೆಂಟು ವಾರ ಓಟದ ಅಡಿಪಾಯ ಮತ್ತು ಡ್ರಿಲ್. ಗೋಡೆಯ ಮುಂದೆ ಹರ್ಡಲ್ ಇಟ್ಟು, ಗೋಡೆಗೆ ಕೈ ಊರಿ, ಹಿಂದಿನ ಕಾಲನ್ನು, ಅಂದರೆ ಟ್ರೇಲ್ ಕಾಲನ್ನು, ಹರ್ಡಲ್‌ನ ಬದಿಯಿಂದ ಸುತ್ತಿಸಿ ತರುವ ಕಸರತ್ತು ಒಂದೊಂದು ಕಾಲಿಗೆ ಹತ್ತರಂತೆ ಮೂರು ಸುತ್ತು. ಮೊಣಕಾಲು ಕಂಕುಳಿನ ಕಡೆಗೆ ಏರಬೇಕು, ಪಾದದ ಬೆರಳು ಮೇಲಕ್ಕೆ ಸೆಳೆದಿರಬೇಕು. ಬೆರಳು ಜೋಲು ಬಿದ್ದರೆ ಹಲಗೆಗೆ ತಾಗುವುದು ಅದೇ. ಆಮೇಲೆ 76.2ರ ಎತ್ತರ, ಏಳೂವರೆಯಿಂದ ಎಂಟು ಮೀಟರ್ ಅಂತರ. ಮೂರು ಹೆಜ್ಜೆ ಸಲೀಸಾಗಿ ಬಂದ ಮೇಲೆ ಅಂತರ ಹಾಗೇ ಇಟ್ಟು ಎತ್ತರ 83.8ಕ್ಕೆ, ಅದೂ ಕೂಡಿಬಂದ ಮೇಲೆ ಅಂತರ 8.25, ಕೊನೆಗೆ 8.5. ಎತ್ತರ, ಅಂತರ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಐದು ಹೆಜ್ಜೆಯ ಚಟ ಅಂಟುತ್ತದೆ, ಅಂಟಿದರೆ ಬಿಡಿಸಲು ಒಂದು ವರ್ಷ ಬೇಕು. ವಾರಕ್ಕೆ ಎರಡೇ ದಿನ ಹರ್ಡಲ್, ಅದೂ ಬೆನ್ನುಬೆನ್ನಿಗೆ ಬೇಡ. ಒಂದು ದಿನ ಐದು ಹರ್ಡಲ್ ಮೇಲೆ ಆರು ಓಟ, ನಡುವೆ ಐದಾರು ನಿಮಿಷ ಪೂರ್ತಿ ವಿಶ್ರಾಂತಿ. ಇನ್ನೊಂದು ದಿನ ಹತ್ತೂ ಹರ್ಡಲ್, ಎಂಟು ಮೀಟರ್ ಅಂತರದಲ್ಲಿ, ಮೂರು ಓಟ. ಕೊನೆಯ ಆರು ಹರ್ಡಲ್‌ನ ಲಯ ಕೂರುವುದು ಈ ಎರಡನೇ ದಿನದಲ್ಲಿ. ಫೆಬ್ರುವರಿ ಕಳೆದ ಮೇಲೆ ನಮ್ಮ ಬಿಸಿಲಲ್ಲಿ ಅಭ್ಯಾಸ ಏನಿದ್ದರೂ ಮುಂಜಾನೆ ಐದೂವರೆಯಿಂದ ಏಳೂವರೆಯೊಳಗೆ.

100 ಮೀ. ವೇಗ ಸಾಲದ, ಆದರೆ ದಮ್ಮು ಇರುವ ಹುಡುಗಿಯನ್ನು 400 ಮೀ. ಹರ್ಡಲ್ಸ್‌ಗೆ ಹಚ್ಚಬೇಕು. ಅಲ್ಲಿ ಎತ್ತರ 76.2 ಮಾತ್ರ, ಮೊದಲ ಹರ್ಡಲ್ 45 ಮೀ.ಗೆ, ನಡುವಿನ ಅಂತರ 35 ಮೀ. ಹದಿನೇಳು ಹೆಜ್ಜೆ ಹಿಡಿದು ಕೊನೆತನಕ ಉಳಿಸಿಕೊಂಡವಳು ನಮ್ಮ ಮಟ್ಟದಲ್ಲಿ ಗೆಲ್ಲುತ್ತಾಳೆ. ಭಾರತದ ಮಹಿಳೆಯರಿಗೆ ಹೆಚ್ಚು ಫಲ ಕೊಟ್ಟದ್ದೂ ಇದೇ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಎಂ.ಡಿ. ವಲ್ಸಮ್ಮ ಚಿನ್ನ ಗೆದ್ದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡು ಓಡಿ, ಸೆಕೆಂಡಿನ ನೂರರ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. 2010ರ ಗುವಾಂಗ್‌ಝೌ ಕೂಟದ ಚಿನ್ನ ನಮ್ಮ ಕರ್ನಾಟಕದವರೇ ಆದ ಅಶ್ವಿನಿ ಅಕ್ಕುಂಜಿ ಅವರದು. ಉಷಾ ಅವರ 55.42ನ್ನು ವಿದ್ಯಾ ರಾಮರಾಜ್ ಸರಿಗಟ್ಟಿದ್ದು 2023ರಲ್ಲಿ.

ಓಡಿದ್ದು ಲೆಕ್ಕಕ್ಕೆ ಬರುವುದೂ ಒಂದು ವಿದ್ಯೆ. ಇದನ್ನು 100 ಮೀ. ಹರ್ಡಲ್ಸ್ ಓಟಗಾರ್ತಿ ಜ್ಯೋತಿ ಯರ್ರಾಜಿ ಅವರ ಕಾಲೇಜು ದಿನಗಳಲ್ಲಿ ನೋಡಬಹುದು. ವಿಶಾಖಪಟ್ಟಣದ ಸೆಕ್ಯುರಿಟಿ ಗಾರ್ಡ್ ಒಬ್ಬರ ಮಗಳು. 2020ರ ಜನವರಿಯಲ್ಲಿ ಮೂಡುಬಿದಿರೆಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಚಾರ್ಯ ನಾಗಾರ್ಜುನ ವಿಶ್ವವಿದ್ಯಾಲಯದ ಪರ 13.03 ಸೆಕೆಂಡು ಓಡಿದರು. ಆಗಿದ್ದ ರಾಷ್ಟ್ರೀಯ ದಾಖಲೆ ಅನುರಾಧಾ ಬಿಸ್ವಾಲ್ ಅವರ 13.38, 2002ರದ್ದು. ಆದರೂ 13.03 ದಾಖಲೆಯಾಗಲಿಲ್ಲ: ಉದ್ದೀಪನ ಮದ್ದಿನ ಪರೀಕ್ಷೆ ಆಗಿರಲಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಅಲ್ಲಿರಲಿಲ್ಲ. 2022ರಲ್ಲಿ ಕೋಯಿಕ್ಕೋಡ್‌ನಲ್ಲಿ 13.09 ಓಡಿದಾಗ ಬೆನ್ನಗಾಳಿ ಸೆಕೆಂಡಿಗೆ 2.1 ಮೀ. ಇತ್ತು, ಮಿತಿ 2.0, ಅದೂ ಹೋಯಿತು. ಅದೇ ವರ್ಷದ ಮೇನಲ್ಲಿ ಸೈಪ್ರಸ್‌ನ ಲಿಮಸೋಲ್‌ನಲ್ಲಿ ಓಡಿದ 13.23 ದಾಖಲೆಯಾಯಿತು, ಮೊದಲೆರಡಕ್ಕಿಂತ ನಿಧಾನವಾಗಿದ್ದರೂ. 2023ರಲ್ಲಿ ಚೆಂಗ್ಡುವಿನ ವಿಶ್ವ ವಿಶ್ವವಿದ್ಯಾಲಯ ಕೂಟದಲ್ಲಿ 12.78 ಓಡಿ ಕಂಚು. 2024ರಲ್ಲಿ ಪ್ಯಾರಿಸ್, ಒಲಿಂಪಿಕ್ಸ್‌ನ ಈ ಓಟದಲ್ಲಿ ಭಾರತದ ಮೊದಲ ಮಹಿಳೆ. ಕಾಲೇಜು ಕೂಟದಿಂದ ಒಲಿಂಪಿಕ್ಸ್‌ವರೆಗೆ ದಾರಿ ಇದೆ, ಅದರ ಒಂದು ಮೆಟ್ಟಿಲು ನಮ್ಮ ರಾಜ್ಯದಲ್ಲೇ ಇತ್ತು.

ನಮ್ಮ ಕೂಟಗಳಲ್ಲಿ ಗಾಳಿ ಅಳೆಯುವ ಉಪಕರಣವಿಲ್ಲದಿದ್ದರೂ ಸಮಯವನ್ನಾದರೂ ಸರಿಯಾಗಿ ಬರೆಯಬಹುದು. ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಸಮಯಕ್ಕೆ 0.24 ಸೆಕೆಂಡು ಕೂಡಿಸಿದರೆ ಎಲೆಕ್ಟ್ರಾನಿಕ್ ಸಮಯದ ಅಂದಾಜು ಸಿಗುತ್ತದೆ. ಇಲ್ಲಿ 15.0 ಎಂದು ಬೀಗಿದವಳಿಗೆ ಅಲ್ಲಿ 15.24 ಕಂಡು ದಿಗಿಲಾಗಬಾರದು. ನಿಯಮವನ್ನೂ ಹುಡುಗಿಯರಿಗೆ ಕೂರಿಸಿ ಹೇಳಬೇಕು. ಹರ್ಡಲ್ ಬಿದ್ದಷ್ಟಕ್ಕೇ ಅನರ್ಹತೆ ಇಲ್ಲ; ಕೈಯಿಂದ, ಮೈಯಿಂದ ಅಥವಾ ಲೀಡ್ ಕಾಲಿನ ಮೇಲ್ಭಾಗದಿಂದ ಬೀಳಿಸಿದರೆ, ಇಲ್ಲವೇ ಬಿದ್ದ ಹರ್ಡಲ್ ಇನ್ನೊಬ್ಬಳ ಓಟಕ್ಕೆ ಅಡ್ಡಿಯಾದರೆ ಅನರ್ಹತೆ. ಹಲಗೆಯ ಮಟ್ಟಕ್ಕಿಂತ ಕೆಳಗೆ ಕಾಲು ಹರ್ಡಲ್‌ನ ಹೊರಬದಿಯಿಂದ ಹೋದರೆ ಅನರ್ಹತೆ. ದಣಿದ ಹುಡುಗಿಯರು ಸಿಕ್ಕಿಬೀಳುವುದು ಹೆಚ್ಚಾಗಿ ಇದರಲ್ಲಿ. ಫಾಲ್ಸ್ ಸ್ಟಾರ್ಟ್ ಕಾರ್ಡ್ ತೋರಿಸಿದ ಕೂಡಲೇ ಅಳುತ್ತ ಹೊರಬರಬಾರದು, ಅಲ್ಲೇ ಬಾಯಿಮಾತಿನ ಆಕ್ಷೇಪ ಹೇಳಿ ಓಡಲು ಕೇಳಬಹುದು. ಹಾಂಗ್‌ಝೌ ಏಷ್ಯನ್ ಕೂಟದ ಫೈನಲ್‌ನಲ್ಲಿ ಜ್ಯೋತಿ ಪಟ್ಟು ಹಿಡಿದು ಓಡಿದ್ದರಿಂದಲೇ ಬೆಳ್ಳಿ ಬಂತು. ಮೊದಲೇ ಓಡಿದ್ದ ಚೀನಾದ ಓಟಗಾರ್ತಿ ಆಮೇಲೆ ಅನರ್ಹರಾದರು. ಚಡ್ಡಿ ಹಾಕಬೇಕಾಗುತ್ತದೆ ಎಂದು ಮಗಳನ್ನು ಕಳಿಸದ ಮನೆಯವರಿಗೆ: ಹಿಮ್ಮಡಿವರೆಗಿನ ಮೈಗಂಟಿದ ಟೈಟ್ಸ್‌ಗೆ ನಿಯಮದ ಅಡ್ಡಿಯಿಲ್ಲ. ಸಡಿಲ ಪ್ಯಾಂಟ್ ಮಾತ್ರ ಬೇಡ, ಹಲಗೆಗೆ ಸಿಕ್ಕಿ ಬೀಳಿಸುತ್ತದೆ.

ಊಟಕ್ಕೆ ಡಬ್ಬಿಯ ಪುಡಿ ಬೇಕಿಲ್ಲ. 50 ಕೆ.ಜಿ. ತೂಕದ ಹುಡುಗಿಗೆ ದಿನಕ್ಕೆ 75-80 ಗ್ರಾಂ ಪ್ರೋಟೀನ್ ಸಾಕು. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 30, ನಮ್ಮ ತೊಗರಿಬೇಳೆ 100 ಗ್ರಾಂನಲ್ಲಿ 22, ಎರಡು ಮೊಟ್ಟೆಯಲ್ಲಿ 12, ಒಂದು ಹಿಡಿ ಶೇಂಗಾದಲ್ಲಿ 7, ದೊಡ್ಡ ಲೋಟ ಹಾಲಿನಲ್ಲಿ 9. ತೊಡಕಿರುವುದು ಹಾಸ್ಟೆಲ್‌ನ ಸಾರು ನೀರಾಗಿರುವುದರಲ್ಲಿ. ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದವಳನ್ನು ಸೋಮಾರಿ ಎಂದು ಬೈದು ಓಡಿಸುವುದು ಅನ್ಯಾಯ, ಅವಳಿಗೆ ಬೇಕಾದದ್ದು ವೈದ್ಯರು. ಮುಟ್ಟು ಮೂರು ತಿಂಗಳು ನಿಂತರೆ ಅದು ಗಟ್ಟಿತನದ ಗುರುತಲ್ಲ; ತಿನ್ನುವುದು ಓಟಕ್ಕೆ ಸಾಲುತ್ತಿಲ್ಲ ಎಂದರ್ಥ, ಎಲುಬಿನಲ್ಲಿ ಸಣ್ಣ ಬಿರುಕು ಬೀಳುವುದು ಅದರ ಬೆನ್ನಿಗೇ. ತೊಡೆಯ ಹಿಂಭಾಗದ ಸ್ನಾಯು ಹಿಡಿದಾಗ ಮೊದಲ ಎರಡು ದಿನ ತಿಕ್ಕುವುದು, ಬಿಸಿ ಕೊಡುವುದು ಎರಡೂ ಬೇಡ.

ಹಣದ ಬಾಬ್ತು. ಎಂಟು ಲೇನಿನ ಕೂಟಕ್ಕೆ 80 ಹರ್ಡಲ್ ಬೇಕು ನಿಜ, ಅಭ್ಯಾಸಕ್ಕೆ ಹತ್ತು ಸಾಕು. ಕ್ರೀಡಾ ಶುಲ್ಕದ ಹಣ ಬ್ಲೇಜರ್, ಟ್ರೋಫಿ, ಶಾಮಿಯಾನಕ್ಕೆ ಹೋಗುವ ಕಾಲೇಜುಗಳನ್ನು ಕಂಡಿದ್ದೇವೆ. 371(ಜೆ) ಅಡಿಯಲ್ಲಿ ಈ ಭಾಗಕ್ಕೆಂದೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ತಾಲ್ಲೂಕಿಗೊಂದು ಸರ್ಕಾರಿ ಪದವಿ ಕಾಲೇಜಿಗೆ ಎತ್ತರ ಬದಲಿಸಬಹುದಾದ ಹತ್ತು ಹರ್ಡಲ್, ಎರಡು ಸ್ಟಾರ್ಟಿಂಗ್ ಬ್ಲಾಕ್, ಒಂದು ಸ್ಟೀಲ್ ಟೇಪು, ಒಂದು ಸ್ಪ್ರಿಂಗ್ ತಕ್ಕಡಿ ಕೊಡಿಸಲಿ. ಟೆಂಡರ್‌ನಲ್ಲಿ ಉರುಳುವ ಬಲದ ಷರತ್ತನ್ನು ಬರೆದು, ಸರಕು ಬಂದ ದಿನ ತಕ್ಕಡಿ ಹಾಕಿ ನೋಡಿಯೇ ಸಹಿ ಹಾಕಬೇಕು. ಕೋಣೆಯಿಲ್ಲದೆ ಹೊರಗೆ ಬಿಟ್ಟ ಹರ್ಡಲ್ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ತೂಕ ಸರಿಯದಂತಾಗುತ್ತದೆ, ಹಾಗಾಗಿ ಒಂದು ಷೆಡ್ ಕೂಡ. ಭಾನುವಾರಗಳಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಬೀದರಿನ ನೆಹರೂ ಕ್ರೀಡಾಂಗಣ, ಯಾದಗಿರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ಜಿಲ್ಲೆಯ ಹರ್ಡಲ್ಸ್ ಹುಡುಗಿಯರಿಗೆ ಒಟ್ಟಿಗೆ ಅಭ್ಯಾಸ ಇಡಬಹುದು. ಶಕ್ತಿ ಯೋಜನೆಯಿಂದ ಬಸ್ ಚಾರ್ಜಿನ ಚಿಂತೆ ಇಲ್ಲ. ಬೇಕಾದದ್ದು ಬೆಳಿಗ್ಗೆ ಹೊತ್ತಿಗೆ ಸರಿಯಾದ ಬಸ್, ಬಟ್ಟೆ ಬದಲಿಸಲು ಬೀಗ ಹಾಕಬಹುದಾದ ಕೋಣೆ, ಒಬ್ಬ ಮಹಿಳಾ ಸಿಬ್ಬಂದಿ. ಪಕ್ಕದ ಲೇನಿನಲ್ಲಿ ಇನ್ನೊಬ್ಬಳು ಓಡದೆ ಹರ್ಡಲ್ಸ್‌ನ ಲಯ ಹರಿತವಾಗುವುದಿಲ್ಲ.

ಗುಲಬರ್ಗಾ ವಿಶ್ವವಿದ್ಯಾಲಯಕ್ಕೂ 2023ರಲ್ಲಿ ಬೇರೆಯಾದ ಬೀದರ್ ವಿಶ್ವವಿದ್ಯಾಲಯಕ್ಕೂ ಎರಡು ವಿನಂತಿ. ಅಂತರ ಕಾಲೇಜು ಕೂಟದ ದಿನಾಂಕವನ್ನು ಶೈಕ್ಷಣಿಕ ವರ್ಷದ ಮೊದಲ ತಿಂಗಳಲ್ಲೇ ಪ್ರಕಟಿಸಿ. ಹತ್ತು ದಿನ ಮುಂಚೆ ಸುತ್ತೋಲೆ ಬಂದರೆ ಯಾವ ತಯಾರಿಯೂ ಆಗದು. ಕೂಟಕ್ಕೆ ಹೋದವಳಿಗೆ ತಪ್ಪಿದ ಆಂತರಿಕ ಪರೀಕ್ಷೆಯನ್ನು ಮತ್ತೆ ಕೊಡುವ ಆದೇಶ ಬರಹದಲ್ಲಿರಲಿ, ಒಬ್ಬೊಬ್ಬ ಉಪನ್ಯಾಸಕರ ಮರ್ಜಿಗೆ ಬಿಡಬೇಡಿ.

ಪದವಿಯ ನಂತರದ ದಾರಿಗಳು ಹಲವು: ಬಿ.ಪಿ.ಎಡ್., ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ತರಬೇತುದಾರರ ಡಿಪ್ಲೊಮಾ, ಪೊಲೀಸ್ ಇಲಾಖೆ, ರೈಲ್ವೆಯ ಕ್ರೀಡಾ ಕೋಟಾ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಗೆ, ಬೀದರ್ ದಕ್ಷಿಣ ಮಧ್ಯ ರೈಲ್ವೆಗೆ, ಹುಬ್ಬಳ್ಳಿ ನೈರುತ್ಯ ರೈಲ್ವೆಗೆ ಸೇರಿದೆ. ಮೂರೂ ವಲಯಗಳ ಕ್ರೀಡಾ ಕೋಟಾ ಪ್ರಕಟಣೆ ಬೇರೆ ಬೇರೆ ಬರುತ್ತವೆ, ಮೂರನ್ನೂ ನೋಡುತ್ತಿರಬೇಕು. ಅರ್ಜಿ ತಿರಸ್ಕೃತವಾಗುವುದು ಎಷ್ಟೋ ಸಲ ಓಟದಿಂದಲ್ಲ, ಕಾಗದದಿಂದ. ಪ್ರಮಾಣಪತ್ರದಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ, ಸ್ಪರ್ಧೆಯ ಹೆಸರು, ಸ್ಥಾನ, ಸಮಯ ಬರೆದಿದ್ದಾರೆಯೇ, ಸಹಿ-ಮೊಹರು ಇದೆಯೇ ಎಂದು ಮೈದಾನ ಬಿಡುವ ಮೊದಲೇ ನೋಡಿ, ತಪ್ಪಿದ್ದರೆ ಆ ಸಂಜೆಯೇ ತಿದ್ದಿಸಿಕೊಳ್ಳಬೇಕು. ಸಂಘಟನಾ ಸಮಿತಿ ಚದುರಿದ ಮೇಲೆ ಅದನ್ನು ತಿದ್ದಿಕೊಡುವವರು ಸಿಗುವುದಿಲ್ಲ.

ಇಂತಿ,
ಅಥ್ಲೆಟಿಕ್ಸ್ ತರಬೇತುದಾರರು ಮತ್ತು ದೈಹಿಕ ಶಿಕ್ಷಣ ಬೋಧಕರು,
ಕಲಬುರಗಿ